ಶಾಲೆಯ ಬೇವಿನ ಗಿಡಗಳಿಗೆ ಕೆರೆಯ ನೀರು

ಆ ಸಂಜೆಯ ಸಭೆಯಲ್ಲಿ ನಾನು ಏನಾದರೂ ಮಾತಾಡಿದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಎಷ್ಟೋ ವರ್ಷ, ಅಂದಿನ ನಿರ್ಣಯವನ್ನು ನಾನೊಬ್ಬನೇ ವಿರೋಧಿಸಿದ್ದೆ ಎಂದು ನಂಬಿದ್ದೆ. ಗೆಳೆಯರ ಮುಂದೆ ಹಾಗೆ ಹೇಳಿಕೊಂಡದ್ದೂ ಉಂಟು.

ಎಪ್ಪತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಎಂ.ಎ. ಮುಗಿಸಿ, ನೌಕರಿ ಸಿಗದೆ, ನವಲಗುಂದ ತಾಲೂಕಿನ ನಮ್ಮ ಹಳ್ಳಿಗೆ ಮರಳಿದ್ದೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಕಟ್ಟಿದ ತೋಟಗಾರಿಕೆ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಸದಸ್ಯರೆಂದರೆ ಶಿಕ್ಷಕರು, ಊರ ಲೆಕ್ಕ ಬರೆಯುವ ತಲಾಠಿ, ಪೋಸ್ಟ್‌ಮಾಸ್ತರರು. ನೆರಳೇ ಇಲ್ಲದ ಎರೆಭೂಮಿಯ ಊರಿನಲ್ಲಿ ಶಾಲೆಯ ಸುತ್ತ ಬೇವು ಬೆಳೆಸುವುದು ನಮ್ಮ ಮೊದಲ ಕೆಲಸ. ಎಮ್ಮೆಗಳಿಗೆ ಮೇವು ನೆಡುತ್ತಿದ್ದಾರೆಂದು ಊರವರು ನಕ್ಕರು. ಸಸಿಗಳನ್ನು ಎಮ್ಮೆಗಳು ಮುಟ್ಟಲಿಲ್ಲ, ನಾವೇ ಕೊಂದೆವು. ಕೆರೆಯ ಸಿಹಿನೀರು ಕುಡಿಯಲಿಕ್ಕಷ್ಟೇ ಎಂದು ಶಾಲೆಯ ಬಾವಿಯ ಸವಳು ನೀರನ್ನೇ ಹಾಕಿಸಿದೆವು. ಎಲೆಯಂಚು ಸುಟ್ಟಂತಾಗಿ ಮೊದಲ ಸಾಲು ಪೂರ್ತಿ ಒಣಗಿತು. ಈ ನೀರು ಬೇಡವೆಂದು ಕೂಲಿಗೆ ನೀರು ಹಾಕುವ ಹೆಣ್ಣುಮಗಳು ಮೊದಲೇ ಹೇಳಿದ್ದಳು. ನಾವು ಓದಿದವರು, ಕೇಳಿರಲಿಲ್ಲ.

ಎರಡನೆಯ ಸಲ ಪಂಚಾಯತಿಯವರನ್ನು ಒಪ್ಪಿಸಿ ದಿನಕ್ಕಿಷ್ಟು ಕೊಡ ಕೆರೆಯ ನೀರು ಪಡೆದೆವು. ತೊಡಕು ಆಗ ಬಂತು. ಆಕೆ ದಲಿತ ಕೇರಿಯವಳು. ಕೇರಿಯವರು ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ದಂಡೆಯ ಮೇಲೆ ಕೊಡ ಇಟ್ಟುಕೊಂಡು ಕಾಯಬೇಕು, ಬೇರೆಯವರು ತಂದು ಮೇಲಿಂದ ಸುರುವಬೇಕು. ಆ ಸಂಜೆಯ ನಮ್ಮ ಸಭೆ, ಸದಸ್ಯರ ಮನೆಯವರು ಪಾಳಿಯಂತೆ ಆಕೆಯ ಕೊಡಕ್ಕೆ ನೀರು ಸುರುವಲಿ ಎಂದು ಠರಾಯಿಸಿತು. ದೊಡ್ಡ ಮನಸ್ಸು ಮಾಡಿದ್ದೇವೆಂದು ಎಲ್ಲರಿಗೂ ಅನಿಸಿರಬೇಕು.

ಶಾಲೆಯ ಕಟ್ಟೆಯ ಕೆಳಗೆ ನಿಂತಿದ್ದ ಆಕೆಗೆ ಹೆಡ್‌ಮಾಸ್ತರರು ಅದನ್ನು ತಿಳಿಸಿದರು.

"ನೀರ ನಾನ ತುಂಬಕೊಂತೇನ್ರಿ ಮಾಸ್ತರ," ಎಂದಳು ಆಕೆ. "ಇಲ್ಲಂದ್ರ ನಿಮ್ಮ ಗಿಡಾ ನೀವ ನೋಡಕೋರಿ."

"ಯಾಕಬೇ, ಕೂಲಿ ಬ್ಯಾಡೇನ ನಿನಗ?" ಎಂದರು ಪೋಸ್ಟ್‌ಮಾಸ್ತರರು.

"ಬೇಕ್ರಿ. ಅದಕ್ಕ ಕೇಳಾಕತ್ತೇನಿ."

ಕೊಡ ಎತ್ತಿಕೊಂಡು ಹೋದವಳು ಮರುದಿನ ಬರಲಿಲ್ಲ. ನಮ್ಮ ಮನೆಗಳಿಂದಲೂ ಯಾರೂ ಬರಲಿಲ್ಲ. ನಾಲ್ಕು ದಿನಕ್ಕೆ ಸಸಿಗಳು ತಲೆಬಾಗಿದವು. ಐದನೆಯ ಬೆಳಿಗ್ಗೆ ಹೆಡ್‌ಮಾಸ್ತರರು ತಾವಾಗಿ ಕೇರಿಗೆ ಹೋಗಿ ಆಕೆಯನ್ನು ಕರೆದರು, ಜೊತೆಯಲ್ಲಿ ಕೆರೆಯವರೆಗೂ ನಡೆದರು. ಆಕೆ ಮೆಟ್ಟಿಲಿಳಿದು ಕೊಡ ತುಂಬಿಕೊಂಡಳು. ಅಲ್ಲಿದ್ದ ಹೆಂಗಸರು ತಂತಮ್ಮ ನೀರು ಚೆಲ್ಲಿ ಎದ್ದು ಹೋದರು. ಮರುದಿನ ಬಂದರು, ಊರಲ್ಲಿ ಬೇರೆ ಸಿಹಿನೀರು ಎಲ್ಲಿತ್ತು?

ಇದನ್ನು ನಾನು ದಂಡೆಯ ಮೇಲೆ ನಿಂತು ಕಂಡ ನೆನಪಿದೆ. ಆ ವಾರ ನೀನು ಸಂದರ್ಶನಕ್ಕೆಂದು ಹುಬ್ಬಳ್ಳಿಯಲ್ಲಿದ್ದೆ ಎನ್ನುತ್ತಿದ್ದಳು ಅವ್ವ. ಇರಬಹುದು.

ಈಚೆಗೆ ಶಾಲೆಯ ಕಪಾಟಿನಲ್ಲಿ ಸಂಘದ ಠರಾವಿನ ಪುಸ್ತಕ ಸಿಕ್ಕಿತು. ಆಕೆ ಕೆರೆಗಿಳಿದದ್ದರ ಬಗ್ಗೆ ಒಂದಕ್ಷರವೂ ಇಲ್ಲ. ನೀರನ್ನು ಮೇಲಿಂದ ಸುರುವಬೇಕೆಂಬ ಠರಾವು ಇದೆ. ಅಕ್ಷರ ನನ್ನದು. ಸೂಚಿಸಿದವರು ಎಂಬಲ್ಲಿ ಇರುವುದೂ ನನ್ನ ಹೆಸರೇ.