ಶಿವಕ್ಕನ ಹೊಟ್ಟಿನ ಒಲೆ

ಹರಪನಹಳ್ಳಿಯಿಂದ ಬೆಂಗಳೂರಿನ ರಾಜಾಜಿನಗರಕ್ಕೆ ಬಂದ ಮೊದಲ ವರ್ಷ ಶಿವಕ್ಕ ತಿಂಗಳ ದುಡ್ಡಿಗೆ ಇಬ್ಬರಿಗೆ ಉಣ್ಣಲಿಕ್ಕಿದಳು. ಎಪ್ಪತ್ತಮೂರರ ಹೊತ್ತಿಗೆ ಆಫೀಸಿಗೆ ಹೋಗುವ ಹನ್ನೆರಡು ಮಂದಿ ಅವಳ ಜೋಳದ ರೊಟ್ಟಿ, ಎಣ್ಣೆಗಾಯಿಗೆ ಒಗ್ಗಿಹೋಗಿದ್ದರು.

ಅವಳಿಗೆ ಅಕ್ಷರ ಅಷ್ಟಕ್ಕಷ್ಟೆ. ಆದರೆ ಪಕ್ಕದ ಮನೆಯ ಏಕಾಂತಯ್ಯ ಮೇಷ್ಟ್ರು ಮಕ್ಕಳಿಗೆ ಚರಿತ್ರೆ ಹೇಳುವಾಗ ಅವಳ ಕೈ ರೊಟ್ಟಿಯ ಮೇಲೆ, ಕಿವಿ ಗೋಡೆಯಾಚೆ. ಮೆಣಸು ಸಾಗುವ ದಾರಿ ಯಾರ ಕೈಯಲ್ಲಿತ್ತೋ ಅವರು ಹೇಳಿದ್ದೇ ಬೆಲೆ. ಆ ಬೆಲೆ ತೆರಲಾರದೆ ಹಡಗು ಹತ್ತಿದವರು ವ್ಯಾಪಾರ ಮಾಡುತ್ತ ಮಾಡುತ್ತ ದೊರೆಗಳಾದರು. ಇದೆಲ್ಲ ಅವಳಿಗೆ ಬಾಯಿಪಾಠ.

ಆ ಕಾರ್ತಿಕದ ಕೊನೆಗೆ ಸೀಮೆಎಣ್ಣೆ ಕಾಣೆಯಾಯಿತು. ಸ್ಟವ್ ಆರಿದರೆ ಹನ್ನೆರಡು ಮಂದಿಯೂ ಊಟಕ್ಕೆ ಬೇರೆ ಮನೆ ನೋಡಿಕೊಳ್ಳುವವರೇ.

"ಇದ್ಯಾಕೆ ಹಿಂಗಾತು ಮೇಷ್ಟ್ರೇ?"

"ಅರಬರು ಎಣ್ಣೆ ಬಿಗಿ ಹಿಡಿದಿದಾರೆ ಶಿವಕ್ಕ. ಅಲ್ಲಿ ಯುದ್ಧ ಆದ್ರೆ ಇಲ್ಲಿ ನಿಮ್ಮ ಸ್ಟವ್ ಆರತ್ತೆ."

"ಅವತ್ತು ಮೆಣಸಿನ ದಾರಿ ಮುಚ್ಚಿದಾಗ ಜನ ಏನ್ ಮಾಡಿದ್ರು?"

ಮೇಷ್ಟ್ರು ನಕ್ಕರು. "ನನ್ ಹುಡುಗರಿಗಿಂತ ನೀವೇ ವಾಸಿ. ಬೇರೆ ದಾರಿ ಹುಡುಕಿದ್ರು."

ಶಿವಕ್ಕನೂ ಹುಡುಕಿದಳು. ಮಾಗಡಿ ರಸ್ತೆಯಲ್ಲಿ ಮರ ಕೊಯ್ಯುವ ಮಿಲ್ಲಿನ ಹಿಂದೆ ಮರದ ಹೊಟ್ಟು ಗುಡ್ಡೆ ಬಿದ್ದಿತ್ತು. ಒಂದು ಚೀಲ ತಂದು, ತಗಡಿನ ಒಲೆಯ ನಡುವೆ ಗಾಳಿಗೆ ತೂತು ಉಳಿಯಲೆಂದು ಬಾಟಲಿ ನಿಲ್ಲಿಸಿ ಸುತ್ತ ಹೊಟ್ಟು ತುಂಬಿದಳು. ರೊಟ್ಟಿಗೆ ಪಳಗಿದ ಕೈ, ಹೊಟ್ಟನ್ನೂ ಮೆತ್ತಗೇ ತಟ್ಟಿತು. ಬಾಟಲಿ ಎಳೆದಳು, ಹೊಟ್ಟು ಕುಸಿಯಿತು. ಹಾಗೇ ಹಚ್ಚಿದ್ದಕ್ಕೆ ಮನೆ ತುಂಬ ಹೊಗೆ. ಅಂದು ಹನ್ನೆರಡು ಮಂದಿಗೂ ಮಂಡಕ್ಕಿಯೇ ಗತಿ.

"ಶಿವಕ್ಕ, ನಾಳೆನೂ ಇದೇ ಹಬ್ಬದೂಟನಾ?" ಎಂದು ಉಣ್ಣಲು ಬಂದ ಕರಿಬಸಪ್ಪ ಕೆಣಕಿದ.

"ನಾಳೆ ರೊಟ್ಟಿ ಇಲ್ದಿದ್ರೆ ಬೇರೆ ಕಡೆ ಹೋಗಪ್ಪ, ಬೇಜಾರಿಲ್ಲ."

ಬೆಳಗ್ಗೆ ಒನಕೆಯ ತುದಿಯಿಂದ ಹೊಟ್ಟನ್ನು ಗಟ್ಟಿಯಾಗಿ ಜಡಿದು, ಬಾಟಲಿಯನ್ನು ತಿರುವುತ್ತ ಮೇಲೆತ್ತಿದಳು. ನಡುವಿನ ತೂತು ಹಾಗೇ ನಿಂತಿತು. ಒಲೆಯ ಕೆಳಬಾಯಿಂದ ಹಚ್ಚಿದ ಬೆಂಕಿ ಅಷ್ಟೂ ರೊಟ್ಟಿ ಬೇಯುವವರೆಗೂ ಆರಲಿಲ್ಲ. ಕರಿಬಸಪ್ಪ ಐದು ರೊಟ್ಟಿ ತಿಂದ.

ವಾರ ಕಳೆಯುವಷ್ಟರಲ್ಲಿ ಇಡೀ ಬೀದಿಯೇ ಹೊಟ್ಟಿಗೆ ಮುಗಿಬಿತ್ತು. ಮಿಲ್ಲಿನ ಮಾಲೀಕ ನಾರಾಯಣಪ್ಪ, "ಇನ್ಮೇಲೆ ಚೀಲಕ್ಕೆ ಎಂಟಾಣೆ" ಎಂದ.

"ನೀವೂ ಅರಬರಾದ್ರಾ? ಕಾಸು ಬ್ಯಾಡ. ನಿಮ್ಮ ಮರ ಕೊಯ್ಯೋರಿಗೆ ದಿನಾ ಮಧ್ಯಾಹ್ನ ರೊಟ್ಟಿ ಕಳಿಸ್ತೀನಿ. ಹೊಟ್ಟು ಮಾತ್ರ ಮೊದ್ಲು ನಂಗೆ."

ಎಣ್ಣೆಗಾಯಿಯ ರುಚಿ ನೋಡಿ ಅವನು ಒಪ್ಪಿದ.

ಮುಂದೆ ಸೀಮೆಎಣ್ಣೆ ಸಿಗತೊಡಗಿದರೂ ಸ್ಟವ್ ಅಟ್ಟದಿಂದ ಇಳಿಯಲಿಲ್ಲ. ಉಣ್ಣುವವರು ಹದಿನೆಂಟಾಗಿದ್ದರು.

"ವ್ಯಾಪಾರ ಜೋರು. ಇನ್ನೇನು ದೊರೆಸಾನಿ ಆಗ್ತೀರಿ" ಎಂದರು ಮೇಷ್ಟ್ರು.

"ಒಲೆ ಉರೀತಾ ಐತಲ್ಲ, ಸಾಕು. ನೀವು ಪಾಠ ಹೇಳ್ರಿ. ನಿನ್ನೆ ಆ ಹಡಗಿನೋರು ದಡ ಮುಟ್ಟಿರ್ಲಿಲ್ಲ" ಎಂದು ಶಿವಕ್ಕ ಮುಂದಿನ ರೊಟ್ಟಿಗೆ ಹಿಟ್ಟು ನಾದಿದಳು.