ಕಟಿಂಗ್ ಅಂಗಡಿಯವರ ಕೂದಲು ಬೆಳೆದ ವರ್ಷ

ಅಣ್ಣನಿಗೆ ಹೆಣ್ಣು ನೋಡುತ್ತಿದ್ದ ಕಾಲದಲ್ಲಿ ಅವನ ತಲೆಯಲ್ಲಿ ಎಷ್ಟು ಕೂದಲಿತ್ತು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಅಪ್ಪ ಇತ್ತು ಎನ್ನುತ್ತಾರೆ. ನನ್ನ ನೆನಪಿನಲ್ಲಿ ಕಿವಿಗಳ ಮೇಲೆ ಬಿಟ್ಟರೆ ಇರಲಿಲ್ಲ. ಫೋಟೋಗಳಿಂದಲೂ ಪ್ರಯೋಜನವಿಲ್ಲ, ಎಲ್ಲದರಲ್ಲೂ ಅವನು ಟೋಪಿ ಹಾಕಿದ್ದಾನೆ.

ಟೋಪಿ ತೆಗೆದ ಕೂಡಲೇ ಕೆಲವು ಸಂಬಂಧಗಳು ಮುರಿದಿದ್ದವು. ಅಣ್ಣ ತಲೆಕೆಡಿಸಿಕೊಂಡಿರಲಿಲ್ಲ. ಆದರೆ ಸೊರಬದ ಟೀಚರೊಬ್ಬರ ಸಂಬಂಧ ಬಂದಾಗ ಹಾಗಿರಲಿಲ್ಲ. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತು ಮುಗಿದ ಮೇಲೂ ಅವನು ಫೋನನ್ನು ಕಿವಿಗೇ ಹಿಡಿದು ಕೂತಿರುತ್ತಿದ್ದ. ಕೊಯ್ಲು ಮುಗಿದ ಮೇಲೆ ನಾವು ಸೊರಬಕ್ಕೆ ಹೋಗುವುದೆಂದಾಯಿತು. ಅಷ್ಟರೊಳಗೆ ಕೂದಲು ಬರಬೇಕಿತ್ತು.

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ ನಾವು ಹೋಗುತ್ತಿದ್ದ ಕಟಿಂಗ್ ಅಂಗಡಿ. ಅಂಗಡಿಯವರು ನಡುವಯಸ್ಸು ದಾಟಿದವರು, ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಗರುಗದ ಸೊಪ್ಪು, ಮೆಂತ್ಯ, ಈರುಳ್ಳಿ ಹಾಕಿ ತಾವೇ ಕಾಯಿಸಿದ ಎಣ್ಣೆಯನ್ನು ಖಾಲಿ ಕ್ವಾರ್ಟರ್ ಬಾಟಲಿಗಳಲ್ಲಿ ತುಂಬಿ ಕನ್ನಡಿಯ ಮುಂದೆ ಇಟ್ಟಿರುತ್ತಿದ್ದರು. ಯಾರೂ ಕೊಳ್ಳುತ್ತಿರಲಿಲ್ಲ. ಅವರ ಸ್ವಂತ ತಲೆ ಸದಾ ಸಣ್ಣ ಮಿಷಿನ್ ಕಟ್. ಆ ವರ್ಷ ಮಾತ್ರ ಅದರಲ್ಲಿ ಕೂದಲು ಬೆಳೆಯಿತು. ಕಿವಿ ಮುಚ್ಚಿತು, ಕಾಲರಿಗೆ ಇಳಿಯಿತು, ಗಡ್ಡ ಎದೆಯ ಕಡೆಗೆ ಹೊರಟಿತು.

"ಏನ್ ಹಚ್ತೀರಿ ನೀವು?" ಅಣ್ಣ ಕನ್ನಡಿಯೊಳಗಿನ ಅವರನ್ನು ಕೇಳಿದ.

ಅವರು ಒಮ್ಮೆ ಬಾಗಿಲ ಕಡೆ ನೋಡಿದರು. "ಎಣ್ಣಿ ರೀ. ನಮ್ದೇ."

"ಬರೀ ಎಣ್ಣಿನಾ?"

"ತಲಿಗೆ ಮತ್ತೇನ್ ಹಚ್ಚಾಕಾಗ್ತತ್ರೀ?"

ಆಗ ನಾನು ಪಕ್ಕದ ಬೆಂಚಿನಲ್ಲಿದ್ದೆನೋ, ಅಣ್ಣನಿಂದ ಕೇಳಿ ಕೇಳಿ ಇದ್ದಂತಾಗಿದೆಯೋ ಹೇಳಲಾರೆ. ಆಮೇಲಿನದಕ್ಕಂತೂ ನಾನೇ ಸಾಕ್ಷಿ. ಅಣ್ಣ ಎಣ್ಣೆ ಹಚ್ಚಿಸಿಕೊಂಡ ಸುದ್ದಿ ಹರಡಿ ಬೆಂಚು ತುಂಬಿತು. ಬೋಳುತಲೆಯವರು ಸಾಲಾಗಿ ಕೂತು ಎಣ್ಣೆ ಹಾಕಿಸಿಕೊಳ್ಳುತ್ತಿದ್ದರು. ಅಂಗಡಿಯವರು ತಮ್ಮ ಕೂದಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಒಂದೊಂದು ತಲೆಯನ್ನೂ ತಬಲಾದಂತೆ ಬಾರಿಸುತ್ತಿದ್ದರು. ಬಗ್ಗಿದಾಗ ಅವರ ಗಡ್ಡ ಗಿರಾಕಿಯ ಕೆನ್ನೆಗೆ ತಾಗಿದರೆ ಗಿರಾಕಿ ಅದನ್ನು ಭಕ್ತಿಯಿಂದ ಮುಟ್ಟಿ ನೋಡುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್, "ಎಣ್ಣಿಯೋರು ಹಿಂದಕ್ಕೆ ಹೋಗ್ರಿ" ಎನ್ನುತ್ತಿದ್ದರು. ಈ ಮಾತನ್ನು ನಾನೇ ಕಟ್ಟಿದ್ದೂ ಇರಬಹುದು. ಆದರೆ ಅಣ್ಣನೊಂದಿಗೆ ಹಿಂದಿನ ಸೀಟಿನಲ್ಲಿ ಕೂತದ್ದು ನಿಜ.

ಅಣ್ಣನ ತಲೆಯಲ್ಲಿ ಹೊಳಪು ಬಂತು. ಕೂದಲು ಬರಲಿಲ್ಲ.

ಸೊರಬಕ್ಕೆ ಹೊರಡುವ ದಿನ ಬೆಳಿಗ್ಗೆ ಶೇವಿಂಗಿಗೆಂದು ಹೋದೆವು. ಅಂಗಡಿಯವರು ನುಣ್ಣಗೆ ಗಡ್ಡ ಬೋಳಿಸಿ, ಹಳೆಯ ಮಿಷಿನ್ ಕಟ್‌ಗೆ ಮರಳಿ, ಪೇಡದ ಡಬ್ಬಿ ಹಿಡಿದು ನಿಂತಿದ್ದರು.

"ಗಂಡು ರೀ" ಎಂದರು.

"ಕೂದ್ಲು?" ಎಂದ ಅಣ್ಣ.

"ಹೆರಿಗಿ ಆತಲ್ರೀ. ಇನ್ನ ಯಾಕ್ ಬಿಡ್ಬೇಕು?"

ಹೆಂಡತಿ ಬಸುರಿಯಿದ್ದಾಗ ಗಂಡ ತಲೆಗೆ ಕತ್ತರಿ ತಾಗಿಸಬಾರದೆಂಬ ಪದ್ಧತಿ ನಮಗೆಲ್ಲ ಗೊತ್ತಿದ್ದದ್ದೇ. ಕಾಲೇಜು ಹುಡುಗಿಯ ತಾಯಿಯ ವಿಷಯದಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ.

"ಅಷ್ಟ್ ದೊಡ್ಡ ಮಗಳನ್ನ ಇಟ್ಕಂಡು ಏನಂತ ಹೇಳ್ಲಿ?" ಅವರು ನಾಚಿಕೊಂಡರು. "ನೀವು ಏನ್ ಹಚ್ತೀರಿ ಅಂದ್ರಿ. ನಾನೂ ಎಣ್ಣಿ ಅಂದೆ."

"ಹಂಗಾರೆ ಎಣ್ಣಿ ಕೆಲ್ಸ ಮಾಡಂಗಿಲ್ಲ?"

"ಮಾಡ್ತತಿ. ತಲಿ ತಂಪಾಗಿರ್ತತಿ."

ಅಣ್ಣ ಪೇಡ ತಿಂದ, ಶೇವಿಂಗ್ ಮಾಡಿಸಿಕೊಂಡ. ಟೋಪಿ ಹಾಕಿಕೊಂಡು ನಮ್ಮೊಂದಿಗೆ ಬಸ್ಸು ಹತ್ತಿದ. ಸೊರಬದ ಆ ಮನೆಯ ನಡುಮನೆಯಲ್ಲಿ ಕೂತ ಕೂಡಲೇ ತಾನಾಗಿಯೇ ಟೋಪಿ ತೆಗೆದು, ಎಣ್ಣೆಯ ಕತೆಯನ್ನು ಬಸುರಿನ ಸಮೇತ ಹೇಳಿಬಿಟ್ಟ. ಅಪ್ಪ ಕಾಫಿ ಲೋಟದೊಳಗೆ ಮುಖ ಇಟ್ಟರು. ಟೀಚರು ಮುಖಕ್ಕೆ ಸೆರಗು ಹಿಡಿದಿದ್ದರು. ನಕ್ಕರೋ, ಸೀನಿದರೋ, ನನಗೆ ಇಂದಿಗೂ ಗೊತ್ತಿಲ್ಲ.

ಸೆರಗು ಇಳಿಸಿ ಅವರು ಹೇಳಿದರು: "ಕೂದ್ಲಿಂದು ಬಿಡಿ, ಅದೇನ್ ತೊಂದ್ರೆ ಇಲ್ಲ. ಈ ವಾಸ್ನೆ ಮಾತ್ರ ನನ್ ಹತ್ರ ಆಗಲ್ಲ. ಎಣ್ಣೆ ಬಿಡ್ತೀರಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅಣ್ಣ ಯೋಚಿಸಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಮನೇಲಿ ಇನ್ನೊಂದು ಬಾಟ್ಲಿ ಐತಿ" ಎಂದ. "ಅದೊಂದು ಮುಗಿಸ್ಲಾ?"

ಅಪ್ಪನಿಗೆ ಕಾಫಿ ನೆತ್ತಿಗೇರಿತು. ಟೀಚರು ಅಪ್ಪನ ಕೆಮ್ಮು ನಿಲ್ಲುವವರೆಗೂ ಕಾದರು.

"ಮುಗ್ಸಿ ಮಾರಾಯ್ರೆ. ಮುಗಿದ್ ಮೇಲೆ ಫೋನ್ ಮಾಡಿ. ಮದ್ವೆ ಮಾತು ಆಮೇಲೆ."

ಮನೆಗೆ ಬಂದವನೇ ಅಣ್ಣ ಅಂಗೈ ತುಂಬ ಎಣ್ಣೆ ಸುರಿದು ತಲೆಗೆ ತಿಕ್ಕಿಕೊಂಡ. ಊಟಕ್ಕೆ ಮುಂಚೆ ಮತ್ತೆ ಹಚ್ಚಿದ, ಊಟವಾದ ಮೇಲೂ ಹಚ್ಚಿದ. ಚೆಲ್ಲಿಬಿಡು ಎಂದರೆ ಕೇಳಲಿಲ್ಲ. ಅಪ್ಪನ ಮೊಣಕಾಲಿಗೆ ತಿಕ್ಕಿದ. ಇನ್ನೂ ಉಳಿಯಿತು. ಬಾಟಲಿ ಹಿಡಿದು ನನ್ನನ್ನು ಕರೆದ. ನನಗೆ ಆಗ ಬೇಕಾದಷ್ಟು ಕೂದಲಿತ್ತು. ಆದರೂ ಹೋಗಿ ಅವನ ಮುಂದೆ ತಲೆ ಬಗ್ಗಿಸಿ ಕೂತೆ.