ನಾಲ್ಕನೆಯ ಪಿನ್ನು

ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ನಾನು ಹಾಸನದ ನಮ್ಮ ಬಡಾವಣೆಯ ಹಾಲಿನ ಬೂತಿನ ಮುಂದೆ ಇರುತ್ತೇನೆ. ಆರಕ್ಕೂ ಅಲ್ಲ, ಆರೂ ಹತ್ತಕ್ಕೂ ಅಲ್ಲ. ಬೂತಿನವನು ನನ್ನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಾನೆ ಎಂದು ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಅದು ಹೊಗಳಿಕೆಯಲ್ಲ ಎಂದು ನನಗೆ ಅರ್ಥವಾಗಲು ಕೆಲವು ವರ್ಷ ಬೇಕಾದವು.

ಅದೇ ಹೊತ್ತಿಗೆ ಅಲ್ಲಿಗೆ ಬರುವ ಇನ್ನೊಬ್ಬರೆಂದರೆ ಬೆಳಗಿನ ಪಾಳಿಗೆ ಹೊರಟ ನರ್ಸಮ್ಮ. ಆಕೆಯ ಸ್ಕೂಟರಿನ ಕೀಲಿಗೆ ಗೇಣುದ್ದದ ಕೆಂಪು ಪಟ್ಟಿಯೊಂದು ತೂಗುತ್ತಿರುತ್ತದೆ. ಹಾರುವ ಮುನ್ನ ಇದನ್ನು ತೆಗೆಯಿರಿ ಎಂದು ಅದರ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ನೇಯ್ದಿದೆ. ನೀವೂ ನೋಡಿರುತ್ತೀರಿ. ಈಗ ಅದು ಎಲ್ಲರ ಬೈಕು, ಕಾರು, ಚೀಲಗಳಲ್ಲಿ ನೇತಾಡುತ್ತದೆ. ಬಸ್ ಸ್ಟ್ಯಾಂಡಿನ ಎದುರು, ಮೊಬೈಲ್ ಕವರುಗಳ ಪಕ್ಕದಲ್ಲಿ ಗೊಂಚಲು ಗೊಂಚಲಾಗಿ ಮಾರುತ್ತಾರೆ. ಆ ಪಟ್ಟಿಯನ್ನು ತೂಗಿಸಿಕೊಂಡೇ ಗಾಡಿ ಓಡಿಸುವವರನ್ನು ಕಂಡರೆ ನನಗೆ ಬೆನ್ನಲ್ಲಿ ಇರುವೆ ಹರಿದ ಹಾಗಾಗುತ್ತದೆ. ಒಂದು ದಿನ ತಡೆಯಲಾರದೆ, "ಅಮ್ಮ, ಅದನ್ನ ತೆಗೆದು ಆಮೇಲೆ ಹೊರಡಬೇಕು" ಎಂದೆ.

ಆಕೆ ಕೆಂಪು ಪಟ್ಟಿಯನ್ನೂ ನನ್ನನ್ನೂ ನೋಡಿ, "ತೆಗೆದ್ರೆ ಗಾಡೀನೇ ಆಫ್ ಆಗೋಗುತ್ತಲ್ಲ ಅಂಕಲ್" ಎಂದಳು.

ಅದೂ ನಿಜವೇ. ಆದರೆ ನನ್ನ ಪ್ರಾಯದ ಬಹುಪಾಲು ಕಳೆದದ್ದು ಅಂಥ ಕೆಂಪು ಪಟ್ಟಿಗಳನ್ನು ತೆಗೆಯುವುದರಲ್ಲಿ ಮತ್ತು ಎಣಿಸುವುದರಲ್ಲಿ.

ನಾನು ವಾಯುಪಡೆಯಲ್ಲಿ ಆಯುಧ ವಿಭಾಗದ ಫಿಟ್ಟರ್ ಆಗಿದ್ದವನು. ವಿಮಾನ ಹಾರಿಸಿದವನಲ್ಲ, ಅದರ ಹೊಟ್ಟೆಯ ಕೆಳಗೆ ಮಲಗಿದವನು. ಹಂಟರ್ ಎಂಬ ವಿಮಾನ ನನ್ನ ಪಾಲಿಗೆ ಬಂದಿತ್ತು. ಈಗ ಅದು ವೃತ್ತಗಳಲ್ಲಿ, ಮ್ಯೂಸಿಯಂ ಅಂಗಳಗಳಲ್ಲಿ ಬಣ್ಣ ಬಳಿಸಿಕೊಂಡು ನಿಂತಿರುತ್ತದೆ. ಅದರ ಮೂತಿಯ ಕೆಳಗೆ ನಾಲ್ಕು ಫಿರಂಗಿಗಳು. ನಾಲ್ಕನ್ನೂ ತೋಟಾಗಳ ಸಮೇತ ಒಂದೇ ಪೆಟ್ಟಿಗೆಯಂತೆ ಕೆಳಗಿಳಿಸಿ, ತುಂಬಿದ ಇನ್ನೊಂದನ್ನು ಮೇಲೇರಿಸಿ ಕೂರಿಸುತ್ತಿದ್ದೆವು. ರೆಕ್ಕೆಗಳ ಕೆಳಗೆ ಬಾಂಬು ತೂಗುಹಾಕುವ ನಾಲ್ಕು ಕೊಕ್ಕೆಗಳು. ನೆಲದ ಮೇಲಿರುವಾಗ ಬಾಂಬು ಕಳಚಿ ಬೀಳದಂತೆ ಒಂದೊಂದು ಕೊಕ್ಕೆಗೂ ಒಂದೊಂದು ಪಿನ್ನು, ಪಿನ್ನಿಗೆ ಕೆಂಪು ಪಟ್ಟಿ. ಹಾರುವ ಮುನ್ನ ಅದನ್ನು ತೆಗೆಯಲೇಬೇಕು. ಮರೆತರೆ ಪೈಲಟ್ ಗುರಿಯ ಮೇಲೆ ಗುಂಡಿ ಒತ್ತಿದರೂ ಬಾಂಬು ಬೀಳುವುದಿಲ್ಲ. ಕಿತ್ತ ಪಿನ್ನನ್ನು ಎಲ್ಲೋ ಉದುರಿಸಿದರಂತೂ ಎಂಜಿನ್ನು ಅದನ್ನು ಒಳಕ್ಕೆಳೆದುಕೊಂಡು ಚೂರುಚೂರಾಗಬಹುದು.

ಅದಕ್ಕೇ ನಮ್ಮಲ್ಲಿ ಒಂದು ಕ್ರಮವಿತ್ತು. ಒಬ್ಬ ಪಿನ್ನು ಕಿತ್ತು ಕೊಡಬೇಕು, ಇನ್ನೊಬ್ಬ ತೆಗೆದುಕೊಂಡು ಎಣಿಸಬೇಕು. ಎಣಿಸುವವನ ಕೈಯಲ್ಲಿ ಪಿನ್ನು ಬಿಟ್ಟು ಇನ್ನೇನೂ ಇರಕೂಡದು. ಅವನು ವಿಮಾನದ ಮುಂದೆ, ಪೈಲಟ್ಟಿಗೆ ಕಾಣುವಲ್ಲಿ ನಿಂತು ನಾಲ್ಕನ್ನೂ ಬೆರಳ ಸಂದಿಯಲ್ಲಿ ಬಿಡಿಸಿ ಎತ್ತಿ ಹಿಡಿಯುತ್ತಾನೆ. ಮೇಲಿನವನು ಎಣಿಸಿ ಹೆಬ್ಬೆರಳು ತೋರಿಸುತ್ತಾನೆ. ಆಮೇಲೆಯೇ ಗಾಲಿ ಉರುಳುವುದು. ನಾನು ಎಣಿಸುವವ. ಕಿತ್ತು ಕೊಡುವವನು ರಾಮೇಗೌಡ.

ರಾಮೇಗೌಡ ಹಳ್ಳಿಮೈಸೂರಿನವನು, ನಾನು ಹೊಳೆನರಸೀಪುರದ ಮೇಷ್ಟರ ಮಗ. ನಮ್ಮ ವಾಯುನೆಲೆಯಿದ್ದ ದೂರದ ಊರಿನಲ್ಲಿ ಹೇಮಾವತಿಯ ನೀರು ಕುಡಿದವರು ನಾವಿಬ್ಬರೇ ಆದ್ದರಿಂದ ಜೊತೆಯಾದೆವು. ಉಳಿದಂತೆ ನಮ್ಮಿಬ್ಬರಿಗೂ ಯಾವುದರಲ್ಲಿಯೂ ತಾಳೆಯಿರಲಿಲ್ಲ. ನಾನು ಸಾಕ್ಸನ್ನೂ ಇಸ್ತ್ರಿ ಮಾಡುವವ. ಅವನು ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡು ಎರಡೂ ಒಂದೇ ಅಲ್ಲವೇ ಎನ್ನುವವ. ನನಗೆ ಟೈಮ್‌ಟೇಬಲ್ಲು ಎಂದು ಹೆಸರಿಟ್ಟವನು ಅವನೇ. ಹೊರಡುವ ವಿಮಾನದ ಮೂತಿಯನ್ನು ಎತ್ತಿನ ಮೂತಿಯಂತೆ ಸವರಿ, "ಓಗ್ಬುಟ್ಟು ಬಾ ಮಗ" ಎನ್ನುತ್ತಿದ್ದ. ಇದು ನಿಯಮದಲ್ಲಿಲ್ಲ ಎಂದು ನಾನು ಹೇಳುತ್ತಿದ್ದೆ. ಬ್ಯಾಡ ಅಂತಲೂ ನಿಯಮದಲ್ಲಿ ಬರೆದಿಲ್ಲ ಎಂದು ಅವನು ಹೇಳುತ್ತಿದ್ದ.

ನನ್ನ ಪೆಟ್ಟಿಗೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ಕ್ರೂಡ್ರೈವರು, ಸ್ಪ್ಯಾನರುಗಳನ್ನು ಇಟ್ಟುಕೊಳ್ಳಲು ಹಳೆಯ ಮದ್ದುಗುಂಡಿನ ಪೆಟ್ಟಿಗೆಯ ಹಲಗೆಯಿಂದ ಮಾಡಿಸಿಕೊಂಡದ್ದು ಅದು. ತಳಕ್ಕೆ ಬೂದು ಕಂಬಳಿಯ ತುಂಡನ್ನು ಅಂಟಿಸಿದ್ದೆ. ಬೀಗದ ಕೈ ನನ್ನ ಜನಿವಾರದಲ್ಲಿ ಇರುತ್ತಿತ್ತು. ಆ ಪೆಟ್ಟಿಗೆಯೊಳಕ್ಕೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಹೋದದ್ದಿಲ್ಲ ಎಂದು ನಾನು ಹೇಳಿಕೊಳ್ಳದ ದಿನವೇ ಇರಲಿಲ್ಲ.

ಇನ್ನು ಆ ದಿನ. ವಿಮಾನ ಹೊರಟು ನಿಂತಿತ್ತು, ಎಂಜಿನ್ನು ಕೂಗುತ್ತಿತ್ತು. ರಾಮೇಗೌಡ ರೆಕ್ಕೆಯಿಂದ ರೆಕ್ಕೆಗೆ ಬಗ್ಗಿ ಓಡಿ ಪಿನ್ನುಗಳನ್ನು ಕಿತ್ತು ಕೊಟ್ಟ. ಮಧ್ಯೆ ನನ್ನ ಕಣ್ಣಿಗೆ ಮೂತಿಯ ಕೆಳಗಿನ ಮುಚ್ಚಳದ ಸ್ಕ್ರೂ ಒಂದು ಕೂದಲೆಳೆಯಷ್ಟು ಎದ್ದಿರುವುದು ಕಂಡಿತು. ಅದನ್ನು ಬಿಗಿಮಾಡಿದೆ. ಮುಂದೆ ಹೋಗಿ ನಿಂತು ಕೈ ಬಿಡಿಸಿದರೆ ಮೂರೇ ಪಿನ್ನು. ಮೇಲಿನಿಂದ ಪೈಲಟ್ಟೂ ಮೂರನ್ನೇ ಎಣಿಸಿ ಸಾಲದೆಂದು ತಲೆಯಾಡಿಸಿದರು. ಕೊಕ್ಕೆಗಳಲ್ಲಿ ನೋಡಿದೆವು, ನಾಲ್ಕರಲ್ಲೂ ಪಿನ್ನಿರಲಿಲ್ಲ. ಎಂಜಿನ್ನು ನಿಲ್ಲಿಸಲಾಯಿತು. ಹಾರಾಟ ರದ್ದಾಯಿತು. ಕಳೆ ಕೀಳುವವರಂತೆ ನಾವೆಲ್ಲ ಸಾಲಾಗಿ ಬಗ್ಗಿ ನಡೆದು ನೆಲ ಹುಡುಕಿದೆವು. ಎಂಜಿನ್ನು ಬಿಚ್ಚಿ ನೋಡಿದರು. ಪಿನ್ನು ಸಿಗಲಿಲ್ಲ.

ಮೇಲಧಿಕಾರಿಯ ಎದುರು ರಾಮೇಗೌಡ ಒಂದೇ ಮಾತು ಹೇಳಿದ: ನಾಲ್ಕೂ ಕೊಟ್ಟಿದ್ದೇನೆ. ನಾನೂ ಒಂದೇ ಮಾತು ಹೇಳಿದೆ: ನನ್ನ ಕೈಗೆ ಬಂದದ್ದು ಮೂರು, ಈತ ಮೊದಲಿನಿಂದಲೂ ಅಜಾಗರೂಕ. ಸಾಕ್ಸಿನ ಪ್ರಸಂಗವೂ ಬಂತೆಂದು ನೆನಪು. ಯಾರ ಮಾತು ನಿಂತಿತು ಎಂದು ನೀವು ಊಹಿಸಬಹುದು. ಅವನ ರಜೆ ರದ್ದಾಯಿತು. ಕೊಣನೂರಿಗೆ ಹೆಣ್ಣು ನೋಡಲು ಹೋಗಬೇಕೆಂದು ತೆಗೆದುಕೊಂಡಿದ್ದ ರಜೆ ಅದು. ಹೆಣ್ಣಿನವರು ಕಾಯಲಿಲ್ಲ. ಮುಂದಿನ ತಿಂಗಳು ಅವನನ್ನು ಬೇರೆ ಊರಿಗೆ ಹಾಕಿದರು. ಟ್ರಂಕು ಹೊತ್ತು ಹೊರಟವನು ನನ್ನ ಮಂಚದ ಮುಂದೆಯೇ ಹಾದುಹೋದ, ನನ್ನತ್ತ ತಿರುಗಲಿಲ್ಲ. ನಾನು ಬೂಟಿಗೆ ಪಾಲಿಷ್ ಹಾಕುತ್ತಿದ್ದೆ.

ಐವತ್ತು ವರ್ಷ ಕಳೆದವು. ಹಾಸನಕ್ಕೂ ಹಳ್ಳಿಮೈಸೂರಿಗೂ ನಡುವೆ ಎಷ್ಟು ದೂರ ಎಂದು ನಿಮಗೆ ಗೊತ್ತು. ಒಂದು ಬಸ್ಸು, ಒಂದು ನಿದ್ದೆ. ನಾವಿಬ್ಬರೂ ಆ ದಾರಿಯನ್ನು ಉಪಯೋಗಿಸಲಿಲ್ಲ.

ನಿವೃತ್ತನಾದ ಮೇಲೆ ನನಗೆ ಪುಟ್ಟಸ್ವಾಮಿ ಸಿಕ್ಕಿದ. ಚನ್ನರಾಯಪಟ್ಟಣದಲ್ಲಿ ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಜೀವನದಲ್ಲಿ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೆ ಗುಜರಿಯಲ್ಲಿ ಸಿಕ್ಕ ತಗಡಿನ ಚೂರನ್ನು ಮುಟ್ಟಿ ಇದು ಯಾವ ವಿಮಾನದ್ದು ಎಂದು ಹೇಳಬಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಸಂಗ್ರಹವಿದೆ: ಎತ್ತರ ಅಳೆಯುವ ಗಡಿಯಾರ, ಪೈಲಟ್ಟಿನ ಕುರ್ಚಿಯ ಪಟ್ಟಿ, ಖಾಲಿ ತೋಟಾಗಳು. ತಿಂಗಳ ಮೊದಲ ಭಾನುವಾರ ಇಂಥ ಹುಚ್ಚಿನ ಹತ್ತು ಹನ್ನೆರಡು ಮಂದಿ ಅಲ್ಲಿ ಸೇರುತ್ತೇವೆ. ಅರಕಲಗೂಡಿನ ಡ್ರಾಯಿಂಗ್ ಮೇಷ್ಟರೊಬ್ಬರು ಮರದಲ್ಲಿ ಕೆತ್ತಿದ ಪುಟ್ಟ ವಿಮಾನಗಳನ್ನು ತರುತ್ತಾರೆ. ಕಟ್ಟಾಯದವರೊಬ್ಬರು ಒಮ್ಮೆ ಹಿತ್ತಾಳೆಯ ತೋಟಾ ತಂದರು. ಹಬ್ಬಕ್ಕೆಂದು ಅವರ ತಾಯಿ ಅದನ್ನೂ ದೇವರ ಪಾತ್ರೆಗಳ ಜೊತೆ ಹಾಕಿಕೊಂಡು ಹುಣಸೆಹಣ್ಣಿನಲ್ಲಿ ಉಜ್ಜಿ ಫಳಫಳ ಮಾಡಿದ್ದರು. ತಳದಲ್ಲಿ ಕೊರೆದ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಅಂದು ಆ ಕೋಣೆ ಸಾವಿನ ಮನೆಯಂತಿತ್ತು. ಹಳೆಯ ವಸ್ತುವಿನ ಕೊಳೆಯನ್ನೂ ಮುಟ್ಟಬಾರದು ಎನ್ನುವ ಜನ ಇವರು.

ಈ ಗುಂಪಿನಲ್ಲಿ ಆಯುಧಗಳನ್ನು ಕೈಯಾರೆ ತುಂಬಿದವನು ನಾನೊಬ್ಬನೇ. ಹಾಗಾಗಿ ಫ್ಯಾನಿನ ಕೆಳಗಿನ ಕುರ್ಚಿ ನನ್ನದು. ಹೊಸಬರು ಬಂದಾಗಲೆಲ್ಲ ಪುಟ್ಟಸ್ವಾಮಿ, "ಸಾ, ಆ ಮೂರು ಪಿನ್ನಿನದು ಯೋಳಿ" ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ನನ್ನ ಕಣ್ಣಿಗೆ ಬಿದ್ದ ಸ್ಕ್ರೂವನ್ನು ಒಂದು ಸಲವೂ ಬಿಡುತ್ತಿರಲಿಲ್ಲ. ಅಂಥ ಗಡಿಬಿಡಿಯಲ್ಲೂ ನಾನು ಎಷ್ಟು ಎಚ್ಚರವಾಗಿದ್ದೆ ಎನ್ನುವುದಕ್ಕೆ ಅದೇ ಸಾಕ್ಷಿ. ರಾಮೇಗೌಡನ ಹೆಸರನ್ನೂ ಬಿಡುತ್ತಿರಲಿಲ್ಲ.

ಹೋದ ವರ್ಷ ಮನೆ ಚೊಕ್ಕಟ ಮಾಡುವಾಗ ಪೆಟ್ಟಿಗೆಯನ್ನು ಆ ಸಂಗ್ರಹಕ್ಕೇ ಕೊಟ್ಟುಬಿಡೋಣವೆನ್ನಿಸಿ ಚನ್ನರಾಯಪಟ್ಟಣಕ್ಕೆ ಒಯ್ದೆ. ಅಂದು ಭಾನುವಾರವಲ್ಲ, ಕೋಣೆಯಲ್ಲಿ ನಾವಿಬ್ಬರೇ. ಪುಟ್ಟಸ್ವಾಮಿ ಬೀಗ, ಹಲಗೆ, ಮೊಳೆಗಳನ್ನೆಲ್ಲ ನೋಡಿ, ನುಸಿ ಹಿಡಿದಿದೆಯೋ ಏನೋ ಎಂದು ಕಂಬಳಿಯ ಒಂದು ಮೂಲೆಯನ್ನು ಎತ್ತಿದ. ಅಂಟು ಬಿಟ್ಟುಕೊಂಡಿದ್ದ ಆ ಮೂಲೆಯಿಂದ ಏನೋ ಜಾರಿ ಹಲಗೆಯ ಮೇಲೆ ಸದ್ದುಮಾಡಿತು. ಅವನು ಅದನ್ನು ಬೆಳಕಿಗೆ ಹಿಡಿದು, ಪಿನ್ನಿನ ತಲೆಯಲ್ಲಿದ್ದ ಬಿಲ್ಲೆಯ ಮೇಲಿನ ಅಂಕಿಗಳನ್ನು ನಿಧಾನವಾಗಿ ಓದಿದ. ವಿಮಾನದ ಸಂಖ್ಯೆಯ ಕೊನೆಯ ಮೂರು ಅಂಕಿ, ಅದರ ಕೆಳಗೆ ಪಿನ್ನಿನ ಸಂಖ್ಯೆ, ನಾಲ್ಕು. ಕೆಂಪು ಪಟ್ಟಿ ಮಾಸಿ ಇಟ್ಟಿಗೆಯ ಬಣ್ಣವಾಗಿತ್ತು.

ಪುಟ್ಟಸ್ವಾಮಿ ಆ ಕಥೆಯನ್ನು ಇಪ್ಪತ್ತು ಸಲವಾದರೂ ಕೇಳಿದ್ದವನು. ಏನನ್ನೂ ವಿವರಿಸಬೇಕಾಗಿರಲಿಲ್ಲ. "ಸ್ಕ್ರೂಡ್ರೈವರ್ ಜತೇಲಿ ಒಳಗೋಗ್ಬುಟ್ಟದೆ, ಸಾ" ಎಂದಷ್ಟೇ ಹೇಳಿ ಟೀ ತರಲು ಕೆಳಗಿಳಿದ. ಅವನಿಗೆ ಟೀ ಬೇಕಿರಲಿಲ್ಲ. ನನ್ನನ್ನು ಒಬ್ಬನನ್ನೇ ಬಿಡಬೇಕಿತ್ತು.

ಬೇರೆಯವರ ಕೈ ಹೋಗದ ಪೆಟ್ಟಿಗೆ. ಜನಿವಾರದಲ್ಲಿದ್ದ ಬೀಗದ ಕೈ. ಎಣಿಸುವ ಕೈಯಲ್ಲಿ ಬೇರೇನೂ ಇರಕೂಡದು ಎಂಬ ನಿಯಮ, ಮತ್ತು ಆ ಕೈಯಲ್ಲಿ ನಾನೇ ಹಿಡಿದ ಸ್ಕ್ರೂಡ್ರೈವರು. ನಾನು ಐವತ್ತು ವರ್ಷ ಹೇಳಿಕೊಂಡು ಬಂದ ಒಂದೊಂದು ಹೆಮ್ಮೆಯೂ ನನ್ನ ಮೇಲೆಯೇ ಸಾಕ್ಷಿ ಹೇಳುತ್ತಿತ್ತು. ಪಿನ್ನನ್ನು ಒಳಗಿಟ್ಟ ನೆನಪು ಮಾತ್ರ ಈಗಲೂ ಬಂದಿಲ್ಲ.

ಮರುದಿನ ಏಳೂ ಹತ್ತರ ಬಸ್ಸು ಹಿಡಿದೆ. ತೀರ್ಮಾನವಾದ ಕೆಲಸವನ್ನು ಎರಡನೆಯ ದಿನಕ್ಕೆ ಬಿಡುವುದು ನನ್ನ ಅಭ್ಯಾಸವಲ್ಲ. ಹೊಳೆನರಸೀಪುರದ ಸೇತುವೆ ದಾಟುವಾಗ ಮಾತ್ರ ಇಲ್ಲೇ ಇಳಿದು ತಮ್ಮನ ಮನೆಯಲ್ಲಿ ತಿಂಡಿ ತಿಂದು ವಾಪಸಾಗಬಹುದಲ್ಲ ಎನ್ನಿಸಿತು. ಇಳಿಯಲಿಲ್ಲ.

ರಾಮೇಗೌಡನ ಮನೆ ಕೇಳಿದರೆ ಹಳ್ಳಿಮೈಸೂರಿನಲ್ಲಿ ಯಾರಾದರೂ ತೋರಿಸುತ್ತಾರೆ. ಬಾಗಿಲಲ್ಲಿ ಅವನ ಹೆಂಡತಿ ಜಯಮ್ಮ ನಿಂತು ಯಾರು ಬೇಕೆಂದು ಕೇಳಿದರು. ನಾನು ಹೆಸರು ಹೇಳುವ ಮೊದಲೇ ಕೊಟ್ಟಿಗೆಯ ಕಡೆಯಿಂದ ಮಾತು ಬಂತು.

"ಏನ್ಲಾ ಟೈಮ್‌ಟೇಬಲ್ಲು, ಐವತ್ತು ವರ್ಸ ಲೇಟಾಗ್ ಬಂದಿದ್ದೀಯ."

ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಅದೇ. ನಾನು ಕರವಸ್ತ್ರ ಬಿಚ್ಚಿ ಪಿನ್ನನ್ನು ಜಗಲಿಯ ಮೇಲಿಟ್ಟೆ. ಅವನು ಟವಲಿನಲ್ಲಿ ಕೈ ಒರೆಸಿಕೊಂಡು, ಅದನ್ನು ಎತ್ತಿ, ಬಿಲ್ಲೆಯನ್ನು ತಿರುವಿ ಓದಿದ.

"ಎಲ್ಲಿತ್ತು?"

"ನನ್ನ ಪೆಟ್ಟಿಗೇಲಿ. ಕಂಬಳಿ ಅಡಿ."

"ಬೀಗ?"

"ನನ್ನ ಹತ್ರಾನೇ ಇತ್ತಲ್ಲ."

ಜಯಮ್ಮನಿಗೆ ಆ ಪಿನ್ನಿನ ಕಥೆ ಮದುವೆಯಾದ ದಿನದಿಂದ ಗೊತ್ತಿತ್ತೆಂದು ಕಾಣುತ್ತದೆ. ಕಾಫಿ ಲೋಟ ನನ್ನ ಮುಂದಿಟ್ಟು, "ಇದು ಅವತ್ತೇ ಸಿಕ್ಕಿದ್ರೆ ಇವ್ರು ಕೊಣನೂರಿನ ಅಳಿಯ ಆಗಿರೋರು ಅನ್ನಣ್ಣ" ಎಂದರು.

"ಅದೊಂದು ಉಪ್ಕಾರ ಮಾಡವ್ನೆ ಬಿಡಮ್ಮಿ" ಎಂದ ರಾಮೇಗೌಡ. ನಾನು ನಕ್ಕೆ. ತುಸು ಬೇಗ ನಕ್ಕೆನೆಂದು ಕೂಡಲೇ ತಿಳಿಯಿತು.

"ನಗಬ್ಯಾಡ" ಎಂದ ಅವನು. "ಚನ್ರಾಯಪಟ್ಣದಲ್ಲಿ ಅದೇನೋ ಕತೆ ಯೋಳ್ತೀಯಂತಲ್ಲ. ನಮ್ ಬೀಗ್ರು ಒಬ್ರು ಕೇಳ್ಕಂಡ್ ಬಂದು ನಂಗೇ ಯೋಳುದ್ರು. ಅದ್ರಲ್ಲಿ ನನ್ ಎಸ್ರು ಐತಂತೆ. ರಜ ಓಯ್ತು, ಓಗ್ಲಿ. ನಾಕೂ ಕೊಟ್ಟಿವ್ನಿ ಅಂದೆ, ಒಬ್ರೂ ನಂಬ್ನಿಲ್ಲ. ಇಲ್ಲಿ ನೀನು ತಪ್ಪಾಯ್ತು ಅಂದ್ರೆ ನಾನೂ ಆ ಕೊಟ್ಟಿಗೆ ಎಮ್ಮೇನೂ ಕೇಳ್ಕತೀವಿ. ಅಲ್ಲಿ ಯೋಳು ಕಣ್ಲಾ, ಆ ಕುರ್ಚಿ ಮ್ಯಾಲೆ ಕುಂತ್ಕಂಡು."

ಹೇಳುತ್ತೇನೆ ಎಂದೆ. ಮೊದಲ ಭಾನುವಾರ, ಹತ್ತೂವರೆಗೆ. ಪಿನ್ನನ್ನು ಅವನೇ ಇಟ್ಟುಕೊಂಡ.

ಆ ಭಾನುವಾರ ಹತ್ತೂವರೆಯಾಯಿತು, ಅವನು ಬರಲಿಲ್ಲ. ಹತ್ತೂ ನಲವತ್ತಕ್ಕೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಆ ಹತ್ತು ನಿಮಿಷವನ್ನು ಅವನು ಬೇಕೆಂದೇ ಕೆಳಗೆ ನಿಂತು ಕಳೆದನೆಂದು ಇಂದಿಗೂ ನಂಬಿದ್ದೇನೆ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತ. ನಾನು ಫ್ಯಾನಿನ ಕೆಳಗಿನ ಕುರ್ಚಿಯಿಂದ ಎದ್ದು ನಿಂತು ಕಥೆಯನ್ನು ಮತ್ತೆ ಹೇಳಿದೆ. ಸ್ಕ್ರೂವಿನವರೆಗೆ ಎಲ್ಲವೂ ಎಂದಿನಂತೆಯೇ ಇತ್ತು. ಆಮೇಲೆ ಸ್ಕ್ರೂಡ್ರೈವರು ಎಲ್ಲಿಗೆ ಹೋಯಿತು, ಅದರ ಜೊತೆ ಏನು ಹೋಯಿತು ಎಂದು ಹೇಳಿದೆ. ಈತ ಕೊಟ್ಟದ್ದು ನಾಲ್ಕು, ತಪ್ಪು ಎಣಿಸಿದವನದು, ಅಜಾಗರೂಕ ಎಂದು ನಾನು ಕರೆಯಬೇಕಾಗಿದ್ದದ್ದು ನನ್ನನ್ನು ಎಂದೆ. ಡ್ರಾಯಿಂಗ್ ಮೇಷ್ಟರು ಕೈಯಲ್ಲಿದ್ದ ಮರದ ವಿಮಾನವನ್ನು ಕೆಳಗಿಟ್ಟರು. ಇಪ್ಪತ್ತು ಸಲ ಹೇಳಿದ ಕಥೆ ಅಂದು ಮೊದಲ ಸಲ ತಾಳೆಯಾಗಿತ್ತು.

ರಾಮೇಗೌಡ ಎದ್ದು ಬಂದ. ಜೇಬಿನಿಂದ ಪಿನ್ನು ತೆಗೆದ. ಜಯಮ್ಮ ಅದರ ಪಟ್ಟಿಯನ್ನು ಸೋಪು ಹಾಕಿ ಒಗೆದಿದ್ದರು. ಹಿಂದಿನಿಂದ ಪುಟ್ಟಸ್ವಾಮಿ ಉಸಿರೆಳೆದುಕೊಂಡದ್ದು ಕೇಳಿಸಿತು. ರಾಮೇಗೌಡ ನನ್ನ ಎರಡೂ ಕೈ ಖಾಲಿಯಿವೆಯೇ ಎಂದು ಮೊದಲು ನೋಡಿದ. ಆಮೇಲೆ ಪಿನ್ನನ್ನು ನನ್ನ ಅಂಗೈಯಲ್ಲಿಟ್ಟ.

"ಎಣಿಸು" ಎಂದ.

"ನಾಲ್ಕು" ಎಂದೆ, ಎಂಜಿನ್ನಿನ ಸದ್ದಿನ ಮೇಲೆ ಕೇಳಿಸಬೇಕಾದಷ್ಟು ಗಟ್ಟಿಯಾಗಿ.

ಅವನು ಹೆಬ್ಬೆರಳು ಎತ್ತಿದ. ಅಲ್ಲಿಂದಾಚೆಗೆ ತಿಂಗಳ ಮೊದಲ ಭಾನುವಾರ ಅವನೂ ಬರುತ್ತಾನೆ, ಹತ್ತು ನಿಮಿಷ ತಡವಾಗಿ. ಫ್ಯಾನಿನ ಕೆಳಗೆ ಈಗ ಎರಡು ಕುರ್ಚಿಗಳಿವೆ.

ಇವತ್ತು ಬೆಳಿಗ್ಗೆ ಆರೂ ಐದಕ್ಕೆ ನರ್ಸಮ್ಮ ಸ್ಕೂಟರಿನ ಮೇಲೆ ಹಾಲಿನ ಪ್ಯಾಕೆಟ್ಟು ಇಟ್ಟುಕೊಂಡು ಹೊರಟು ನಿಂತಿದ್ದಳು. ಕೆಂಪು ಪಟ್ಟಿ ತೂಗುತ್ತಲೇ ಇತ್ತು. "ಏನಂಕಲ್, ಈಚೆಗೆ ತೆಗೀಬೇಕು ಅಂತ ಹೇಳೋದೇ ಬಿಟ್ರಲ್ಲ" ಎಂದು ನಕ್ಕಳು.

ಹೇಳಬೇಕೆಂದು ಬಾಯಿಯವರೆಗೂ ಬಂದಿತ್ತು. ಆದರೆ ಅದಕ್ಕೆ ಮೊದಲು ನನ್ನ ಕೈ ತಾನಾಗಿ ನನ್ನದೇ ಜೇಬಿಗೆ ಹೋಗಿ, ಒಳಗೆ ಏನಾದರೂ ಉಳಿದಿದೆಯೇ ಎಂದು ತಡವುತ್ತಿತ್ತು.